ಬೆಳಗಿನ ತಾಸು

ಕಾಗದದ ಪುಸ್ತಕವಾಗಿದ್ದರೆ ನಡುವೆ ಇಟ್ಟುಕೊಂಡು ಇಬ್ಬರೂ ಓದಬಹುದಿತ್ತು. ಇದು ಮೊಬೈಲಿನ ಪುಸ್ತಕ. ಒಂದೇ ಖಾತೆಯಿಂದ ಒಂದು ಕಡೆ ತೆರೆದರೆ ಇನ್ನೊಂದು ಕಡೆ ಮುಚ್ಚಿಕೊಳ್ಳುತ್ತಿತ್ತು. ಹಂಚಿಕೊಂಡು ಓದುವುದು ಕಳ್ಳತನ ಎಂದು ಅಧ್ಯಾಪಕರು ಎಚ್ಚರಿಸಿದ್ದರು. ಕೊಂಡವರಿಗೆಲ್ಲ ಖಾತೆ ತೆರೆದು ಪಾಸ್‌ವರ್ಡ್ ಹಾಕಿಕೊಟ್ಟವರೂ ಅವರೇ. ಆದರೂ ಹಾಸ್ಟೆಲಿನ ಒಂದೇ ಕೋಣೆಯ ದಾಕ್ಷಾಯಿಣಿ ಮತ್ತು ಗೌರವ್ವ ಸೇರಿ ಒಂದನ್ನೇ ಕೊಂಡರು. ಬೆಳಿಗ್ಗೆ ಆರರಿಂದ ಏಳು ದಾಕ್ಷಾಯಿಣಿಯ ತಾಸು, ಸಂಜೆಯದು ಗೌರವ್ವನದು.

ಬೆಳಗಿನ ತಾಸಿನಲ್ಲಿ ಮಾತ್ರ ಪುಸ್ತಕ ದಿನವೂ ನಡುವೆಯೇ ಮುಚ್ಚಿಹೋಗುತ್ತಿತ್ತು.

ಒಂದು ಬೆಳಿಗ್ಗೆ ದಾಕ್ಷಾಯಿಣಿ ಕೇಳಿಯೇಬಿಟ್ಟಳು: "ಮತ್ತ ತಗದೀ ಏನ? ಚಾದರದೊಳಗ ಮೊಬೈಲ್ ಇಟ್ಕೊಂಡು ಓದ್ತಿ, ಗೊತ್ತೈತಿ ನನಗ."

"ನಾ ಮಲಗೇನಿ ಮಾರಾಯ್ತಿ. ಬೇಕಾದ್ರ ಬಂದು ನೋಡು."

"ಹೌದವಾ, ಮಲಗಿದಾಕೀನs ಪ್ರತಿ ಸಲ ಫಸ್ಟ್ ಕ್ಲಾಸ್ ಬರ್ತಾಳ."

ಗೌರವ್ವ ಎದ್ದು ಕುಳಿತಳು. "ನಾ ಕಳ್ಳಿ ಆಗಿದ್ರ ನಿನ್ನ ಕೂಡ ಒಂದs ತಾಟಿನ್ಯಾಗ ಉಣ್ತಿದ್ದಿಲ್ಲ. ಪುಸ್ತಕ ನೀನs ಇಟ್ಕೋ." ಹಾಸಿಗೆ ಸುತ್ತಿಕೊಂಡು ಬೇರೆ ಕೋಣೆಗೆ ಹೋದಳು. ಪರೀಕ್ಷೆಗೆ ಎಂಟೇ ದಿನವಿತ್ತು. ಅವಳಿಗೆ ಬೇರೆ ಪುಸ್ತಕವಿರಲಿಲ್ಲ. ದಾಕ್ಷಾಯಿಣಿ ತಡೆಯಲಿಲ್ಲ.

ಅಂದು ತರಗತಿಯಲ್ಲಿ ಅಧ್ಯಾಪಕರು ಅದೇ ಪುಸ್ತಕದ ಪುಟವನ್ನು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಮೂಡಿಸಿ ಪಾಠ ಮಾಡುತ್ತಿದ್ದರು. ಗೌರವ್ವ ಮುಂದಿನ ಬೆಂಚಿನಲ್ಲಿ ಒಬ್ಬಳೇ ಕುಳಿತು ಗೋಡೆ ನೋಡಿ ಗಡಿಬಿಡಿಯಿಂದ ಬರೆದುಕೊಳ್ಳುತ್ತಿದ್ದಳು. ಹಿಂದಿನ ಬೆಂಚಿನಲ್ಲಿದ್ದ ದಾಕ್ಷಾಯಿಣಿ, ಬೆಳಿಗ್ಗೆ ಅರ್ಧಕ್ಕೆ ನಿಂತದ್ದನ್ನು ಮುಗಿಸೋಣವೆಂದು ಮೊಬೈಲಿನಲ್ಲಿ ಪುಸ್ತಕ ತೆರೆದಳು.

ಗೋಡೆಯ ಮೇಲಿನ ಪುಟ ಮುಚ್ಚಿಹೋಯಿತು. ಅಧ್ಯಾಪಕರು ಹುಡುಗಿಯರ ಕಡೆ ತಿರುಗಿ ಗದರಿದರು:

"ನಾ ಪಾಠ ಮಾಡೂ ಹೊತ್ತಿನ್ಯಾಗ ಪುಸ್ತಕ ತಗದಾಕಿ ಯಾರಬೇ?"