ಬೂಷ್ಟು ಹತ್ತಿದ ಸೀಸೆಗಳು

ಕಾಡಿನಲ್ಲಿ ಅಪರೂಪವಾಗುತ್ತ ಬಂದ ಒಂದು ಗಿಡದ ಬೇರನ್ನು ಶಶಿರೇಖಾ ನಾಲ್ಕು ವರ್ಷಗಳಿಂದ ಪ್ರಯೋಗಾಲಯದ ಗಾಜಿನ ಸೀಸೆಗಳಲ್ಲಿ ಬೆಳೆಸುತ್ತಿದ್ದಳು. ಅದರ ಸಾರ ಮಕ್ಕಳ ರಕ್ತದ ಕ್ಯಾನ್ಸರಿಗೆ ಔಷಧ. ಆದರೆ ಸೀಸೆಯ ಬೇರಿನಲ್ಲಿ ಆ ಔಷಧ ಇದ್ದೂ ಇಲ್ಲದಷ್ಟು. ಶಿಲೀಂಧ್ರ ಸೋಕಿದರೆ ಬೇರು ತನ್ನನ್ನು ಕಾಪಾಡಿಕೊಳ್ಳಲು ಅದನ್ನು ಹೆಚ್ಚಾಗಿ ತಯಾರಿಸಬಹುದೆಂದು ಏಳು ಬಗೆಯ ಶಿಲೀಂಧ್ರಗಳ ರಸ ಹಾಕಿ ನೋಡಿದಳು. ಒಂದೂ ಫಲಿಸಲಿಲ್ಲ. ಸೋಮವಾರ ಯೋಜನೆ ಮುಚ್ಚಬೇಕೆಂದು ಆದೇಶವೂ ಬಂತು.

ಶುಕ್ರವಾರ ಬೆಳಿಗ್ಗೆ ಬಾಗಿಲು ತೆರೆದರೆ, ಉಳಿದಿದ್ದ ಹನ್ನೆರಡು ಸೀಸೆಗಳಿಗೂ ಎಲ್ಲಿಂದಲೋ ಬಂದ ಕಿತ್ತಳೆ ಬಣ್ಣದ ಬೂಷ್ಟು ಹತ್ತಿತ್ತು. ಅವಳು ನೆಲದ ಮೇಲೆ ಕುಸಿದು ಕೂತು ಅತ್ತುಬಿಟ್ಟಳು.

"ಏಳಮ್ಮ, ಮನೆಗೆ ಹೋಗು. ಮುಗೀತು, ಬಿಟ್ಬಿಡು," ಎಂದರು ಅವಳ ಮಾರ್ಗದರ್ಶಕ ಅಪ್ಪಣ್ಣ ಸರ್.

ಅವಳಿಗೆ ಮನಸ್ಸು ಬರಲಿಲ್ಲ. ಅವರು ಆಚೆ ಹೋದಮೇಲೆ ಒಂದು ಸೀಸೆಯಿಂದ ಬೇರಿನ ಚೂರು ತೆಗೆದು, ಸ್ಪಿರಿಟ್ಟಿನಲ್ಲಿ ಕುದಿಸಿ, ಕೆಳಮಹಡಿಯ ಯಂತ್ರದಲ್ಲಿ ಅಳತೆಗೆ ಇಟ್ಟು ಅಲ್ಲೇ ಕಾದಳು. ಮಧ್ಯಾಹ್ನ ಫಲಿತಾಂಶ ಬಂತು. ಔಷಧದ ಪ್ರಮಾಣ ಮೂವತ್ತು ಪಟ್ಟು ಏರಿತ್ತು. ನಂಬಲಾಗದೆ ಮತ್ತೊಮ್ಮೆ ಓದಿದವಳು ಮೆಟ್ಟಿಲುಗಳನ್ನು ಓಡಿಕೊಂಡೇ ಹತ್ತಿದಳು.

"ಸರ್, ಆ ಬೂಷ್ಟೇ ಸರ್ ನಮಗೆ ಬೇಕಾಗಿದ್ದು! ಯಾವ ಜಾತೀದೋ ಗೊತ್ತಿಲ್ಲ, ಅದನ್ನ ಬೆಳೆಸ್ಕೊಂಡ್ರೆ ಸಾಕು. ಸೀಸೆಗಳೆಲ್ಲಿ ಸರ್?"

ಅಪ್ಪಣ್ಣ ಸರ್ ಅವರ ಮುಖ ಬಿಳಿಚಿಕೊಂಡಿತು.

"ಮತ್ತೆ ಅವನ್ನ ನೋಡಿ ನೀನು ಅಳೋದು ಬೇಡ ಅಂತ, ಹನ್ನೆರಡನ್ನೂ ಈಗಷ್ಟೇ ಬೂಷ್ಟೆಲ್ಲ ಸಾಯೋ ಹಾಗೆ ಬೇಯಿಸಿ ಚೆಲ್ಲಿಬಿಟ್ಟೆನಲ್ಲಮ್ಮ."