ಖಾಲಿ ಕಂಡ ಗದ್ದೆ

ಸಂತೆಯಿಂದ ವಾಪಸಾಗುತ್ತಿದ್ದ ನಿಮೋಲ್ ತನ್ನ ಗದ್ದೆಯ ಬಳಿ ಸೈಕಲ್ ನಿಲ್ಲಿಸಿದವಳು ಇಳಿಯುವುದನ್ನೇ ಮರೆತಳು. ಬೆಳಿಗ್ಗೆ ಹೊರಟಾಗ ಸಸಿಗಿಂತ ಕೆಸರೇ ಹೆಚ್ಚು ಕಾಣುತ್ತಿದ್ದ ಗದ್ದೆಯಲ್ಲಿ ಈಗ ಅರ್ಧ ಭಾಗ ದಟ್ಟ ಹಸಿರು. ಬದುವಿನ ಮೇಲೆ ಕೂತು ಸಾರೋನ್ ಅಜ್ಜಿ ಕಾಲಿನ ಕೆಸರು ತೊಳೆದುಕೊಳ್ಳುತ್ತಿದ್ದಳು.

“ಬಂದ್ಯಾ ಮಗಳೇ? ನೀನು ಬರೋದ್ರೊಳಗೆ ಪೂರ್ತಿ ಮುಗಿಸೋಣ ಅಂತಿದ್ದೆ. ನಮ್ಮ ಸಸೀನೇ ಸಾಲ್ಲಿಲ್ಲ ನೋಡು.”

ಪಕ್ಕದ ಗದ್ದೆ ಅಜ್ಜಿಯದು. ತನ್ನ ನಾಟಿ ಮುಗಿದು ಉಳಿದಿದ್ದ ಸಸಿಯನ್ನೆಲ್ಲ ಹೊರಿಸಿಕೊಂಡು ಬಂದು, ಇಬ್ಬರು ಸೊಸೆಯಂದಿರನ್ನು ಕೆಸರಿಗಿಳಿಸಿ, ನಿಮೋಲಳ ಸಾಲುಗಳ ನಡುವೆ ತುಂಬಿಸಿದ್ದಳು. ಸೊಸೆಯಂದಿರು ಅಡುಗೆಗೆಂದು ಆಗಷ್ಟೇ ಮನೆಗೆ ಹೋಗಿದ್ದರು. ನಿಮೋಲಳ ಸಸಿಮಡಿಯನ್ನು ಏಡಿಗಳು ತಿಂದುಹಾಕಿವೆ, ಬೇರೆಯವರನ್ನು ಕೇಳಲು ಅವಳಿಗೆ ಸಂಕೋಚ ಎಂದು ಊರಲ್ಲಿ ಮಾತು ಹುಟ್ಟಿತ್ತು. ಕೇಳದಿದ್ದರೂ ಕೊಡಬೇಕಾದವಳು ತಾನು ಎಂದು ಅಜ್ಜಿ ತೀರ್ಮಾನಿಸಿದ್ದಳು.

ಏಡಿಗಳು ಏನನ್ನೂ ತಿಂದಿರಲಿಲ್ಲ. ತಂಗಿಯ ಊರಿನಲ್ಲಿ ನೋಡಿಬಂದ ಹಾಗೆ ನಿಮೋಲ್ ತೀರ ಎಳೆಯ ಸಸಿಗಳನ್ನು ಒಂದೊಂದಾಗಿ, ಗೇಣಿಗೊಂದರಂತೆ ನೆಟ್ಟಿದ್ದಳು. ಬುಡದಿಂದ ಹೊಸ ಕವಲು, ಅಂದರೆ ತೆಂಡೆ, ಒಡೆಯಲು ಜಾಗ ಬೇಕು. ಸಾಲಿನ ನಡುವೆ ಕಳೆ ಕೀಳುವ ಚಕ್ರ ತಳ್ಳಲೂ ಜಾಗ ಬೇಕು. ಎರಡು ಗದ್ದೆಯ ಭತ್ತವನ್ನು ಒಂದರಲ್ಲೇ ತೆಗೆಯುತ್ತೇನೆಂದು ಹಟ ಹಿಡಿದು, ಇನ್ನೊಂದರಲ್ಲಿ ಹೊಂಡ ತೋಡಿ ತರಕಾರಿ ಪಾತಿ ಮಾಡಿದ್ದಳು. ಗಂಡ ಪಿಸೆತ್ ಒಪ್ಪಿದ್ದು ಒಂದೇ ಕರಾರಿನ ಮೇಲೆ. ವರ್ಷದ ಅನ್ನಕ್ಕೆ ಭತ್ತ ಸಾಲದಿದ್ದರೆ ಪಾತಿಗಳೆಲ್ಲ ಮತ್ತೆ ಗದ್ದೆಯಾಗಬೇಕು, ಅವನು ಮೊದಲಿನಂತೆ ಗಡಿ ದಾಟಿ ಥಾಯ್ ಊರುಗಳಿಗೆ ಗಾರೆ ಕೆಲಸಕ್ಕೆ ಹೋಗಬೇಕು.

“ಅಜ್ಜೀ, ಸಸಿ ಕಮ್ಮಿ ಬಿದ್ದಿರ್ಲಿಲ್ಲ. ಬೇಕೂಂತಲೇ ದೂರ ದೂರ ನೆಟ್ಟಿದ್ದು.”

ಅಜ್ಜಿ ನಕ್ಕಳು. “ನನ್ನ ಹತ್ರ ಎಂಥಾ ನಾಚಿಕೆ? ನಿನ್ನ ಬಾಣಂತನ ಮಾಡಿದೋಳು ನಾನು.”

“ನಿಜ ಅಜ್ಜಿ. ನಂಗೆ ಆ ಜಾಗ ಖಾಲಿನೇ ಬೇಕಿತ್ತು.”

ಅಜ್ಜಿಯ ನಗು ನಿಂತಿತು. ಗದ್ದೆಯನ್ನೊಮ್ಮೆ, ತನ್ನ ಸುಕ್ಕುಗಟ್ಟಿದ ಬೆರಳುಗಳನ್ನೊಮ್ಮೆ ನೋಡಿಕೊಂಡಳು. “ಹಂಗಾದ್ರೆ ಕಿತ್ತಾಕು,” ಎಂದು ಎದ್ದು, ಚೌಕಳಿ ಬಟ್ಟೆಯನ್ನು ತಲೆಗೆ ಸುತ್ತಿಕೊಂಡು ನಡೆದಳು. ಊಟಕ್ಕೆ ನಿಲ್ಲಿ ಎಂದು ನಿಮೋಲ್ ಕೂಗಿದ್ದಕ್ಕೆ ತಿರುಗಿಯೂ ನೋಡಲಿಲ್ಲ.

ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಗದ್ದೆಗಿಳಿದು, ತಮ್ಮ ಎಳೆಸಸಿಗಳು ಅಲುಗದಂತೆ ಅಜ್ಜಿಯ ಸಸಿಗಳನ್ನು ಒಂದೊಂದಾಗಿ ಬಿಡಿಸಿದರು. ಬದುವಿನ ಮೇಲೆ ದೊಡ್ಡ ಗುಡ್ಡೆಯಾಯಿತು. ಎತ್ತುಗಳಿಗೆ ಹಾಕಲೇ ಎಂದು ಪಿಸೆತ್ ಕೇಳಿದ. ನಿಮೋಲ್ ಗುದ್ದಲಿ ತೆಗೆದುಕೊಂಡು ರಸ್ತೆ ಪಕ್ಕದ ಬಳ್ಳಿಸೊಪ್ಪಿನ ಪಾತಿಗೆ ಇಳಿದಳು.

“ದಿನಾ ಕಾಸು ತರೋ ಪಾತಿ ಅದು,” ಎಂದ ಪಿಸೆತ್.

“ಅಜ್ಜಿ ದಿನಾ ಓಡಾಡೋ ದಾರಿ ಇದು,” ಎಂದಳು ನಿಮೋಲ್.

ಸೊಪ್ಪನ್ನು ಬುಡಸಮೇತ ಕಿತ್ತು, ಪಾತಿಯನ್ನು ಮಟ್ಟ ಮಾಡಿ ನೀರು ಬಿಟ್ಟು, ಅಜ್ಜಿಯ ಸಸಿಗಳನ್ನು ಅಜ್ಜಿ ನೆಡುವ ಹಾಗೆಯೇ, ನಾಲ್ಕೈದನ್ನು ಒಟ್ಟಿಗೆ ಹಿಡಿದು ಒತ್ತೊತ್ತಾಗಿ ನೆಟ್ಟರು. ಮರುದಿನ ಬೆಳಿಗ್ಗೆ ಬೌದ್ಧ ವಿಹಾರದ ಭಿಕ್ಷುಗಳಿಗೆ ಅನ್ನ ಒಯ್ಯುತ್ತಿದ್ದ ಅಜ್ಜಿ ಅಲ್ಲಿ ನಿಂತಳು. ಪಾತ್ರೆಯನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಿಸಿದಳು.

“ನೀರು ಇನ್ನೊಂಚೂರು ಬಿಡು,” ಎಂದಷ್ಟೇ ಹೇಳಿ ಮುಂದೆ ಹೋದಳು.

ಮಳೆಗಾಲದ ಕೊನೆಗೆ ಬರುವ ನೀರಿನ ಹಬ್ಬ ಕಳೆದು ತೆನೆ ಬಾಗಿದವು. ಗಡಿ ದಾಟಿಸುವ ದಲ್ಲಾಳಿ ಆ ವರ್ಷವೂ ಊರಿಗೆ ಬಂದು ಹೋದ. ಪಿಸೆತ್ ಅವನಿಗೆ ಒಂದು ಹೊರೆ ಅಲಸಂದೆ ಕಾಯಿ ಮಾರಿ, ಹೊಸ ಚಪ್ಪರಕ್ಕೆ ಬಿದಿರು ಸೀಳುತ್ತ ಕೂತ. ಕೊಯ್ಲಿಗೆ ಮೂರ್ನಾಲ್ಕು ದಿನವಿದೆ ಎನ್ನುವಾಗ ಸಾರೋನ್ ಅಜ್ಜಿ ಯಾರನ್ನೂ ಕೇಳದೆ ನಿಮೋಲಳ ಗದ್ದೆಗಿಳಿದಳು. ಒಂದು ಬುಡಕ್ಕೆ ಕೈ ಹಾಕಿ ಹಿಡಿದಳು. ಬೆರಳು ಹೆಬ್ಬೆರಳಿಗೆ ಮುಟ್ಟಲಿಲ್ಲ.

“ಎಷ್ಟು ಸಸಿ ಇಟ್ಟಿದ್ದೆ ಇಲ್ಲಿ?”

“ಒಂದೇ ಅಜ್ಜಿ.”

ಅಜ್ಜಿ ಮೇಲೆ ಬಂದು, ರಸ್ತೆ ಪಕ್ಕದ ಪಾತಿಯಲ್ಲಿ ಬಗ್ಗಿ ತನ್ನದೊಂದು ಬುಡ ಹಿಡಿದು ನೋಡಿದಳು. ಬೆರಳು ಸಲೀಸಾಗಿ ಕೂಡಿದವು.

“ನನ್ನದಕ್ಕೆ ಗೊಬ್ಬರ ಕಮ್ಮಿ ಹಾಕಿದ್ದೀಯ.”

“ಎರಡಕ್ಕೂ ಒಂದೇ ಗುಂಡಿ ಗೊಬ್ಬರ ಅಜ್ಜಿ.”

ಅಜ್ಜಿ ಬುಡವನ್ನು ಬಿಟ್ಟು ನೆಟ್ಟಗಾದಳು. ಆಮೇಲೆ ಕೈ ಒರೆಸಿಕೊಂಡು, ಸೊಸೆಯಂದಿರು ಬದುವಿನ ಹುಲ್ಲು ಕೊಯ್ಯುತ್ತಿದ್ದ ದಿಕ್ಕಿಗೊಮ್ಮೆ ನೋಡಿ, ದನಿ ತಗ್ಗಿಸಿದಳು.

“ಮುಂದಿನ ಮಳೇಲಿ ನನ್ನ ಗದ್ದೆ ಖಾಲಿ ಕಂಡ್ರೆ, ಯಾರೂ ಒಳಗೆ ಇಳೀದ ಹಾಗೆ ನೀನೇ ನೋಡ್ಕೋಬೇಕು. ಈ ಊರೋರು ತುಂಬಾ ಒಳ್ಳೆಯೋರು.”