ಗೋಡೆಯಾಚೆಯ ದೊಡ್ಡಮ್ಮ

"ಮತ್ತೆ ತೆಗೆದ್ಲು!"

ಅಮಿತಾ ಫೋನನ್ನು ಅಡುಗೆಮನೆಯ ಗೋಡೆಗೆ ಒತ್ತಿ ಹಿಡಿದಳು. ದೂರದ ಸಮುದ್ರದ ಮೇಲೆ ಗುಡುಗು ಉರುಳಿತು. ವೈಫೈ ಗೀಟುಗಳು ಎಲ್ಲವೂ ಒಟ್ಟಿಗೇ ಮಾಯವಾಗಿದ್ದವು. ಗೋಡೆಯಾಚೆ ದೊಡ್ಡಮ್ಮ ಗಂಗೂ ಕೆಮ್ಮಿದಳು. ಆ ಕೆಮ್ಮೂ ಅಮಿತಾಗೆ ಕುಹಕದಂತೆ ಕೇಳಿಸಿ ಮೈಯೆಲ್ಲ ಉರಿಯಿತು.

ಅಮಿತಾ ಹುಟ್ಟುವ ಮೊದಲು, ಅಪ್ಪ-ದೊಡ್ಡಪ್ಪನ ನಡುವೆ ದೋಣಿ ಪಾಲಾದ ದಿನ ಮನೆಯ ನಡುವೆ ಎದ್ದ ಗೋಡೆ ಅದು. ಅಂದಿನಿಂದ ಬೈತಖೋಲದ ಈ ಎರಡು ಮನೆಗಳಿಗೆ ಮಾತಿಲ್ಲ. ಹಟ ಮಾತ್ರ ಬೇಕಾದಷ್ಟಿತ್ತು. ಗಂಗೂ ಇಂಟರ್‌ನೆಟ್ ಹಾಕಿಸಿದ ವಾರದಲ್ಲೇ ಅಮಿತಾಳ ಅಪ್ಪ ತುಳಸಿದಾಸನೂ ಅದೇ ನಮೂನೆಯ, ಫೋನಿನಲ್ಲಿ ಅದೇ ಹೆಸರು ತೋರಿಸುವ ಮೋಡೆಮ್ ತಂದಿದ್ದ.

ವೈಫೈ ಹಿಡಿಯುವ ಫೋನು ಆಗ ಕಾರವಾರದಲ್ಲೇ ಅಪರೂಪ. ಅವಳನ್ನೇ ಮದುವೆಯಾಗಬೇಕೆಂದಿದ್ದ ಮಂಗೇಶ ಹಡಗಿನ ಕೆಲಸಕ್ಕೆಂದು ಊರು ಬಿಡುವಾಗ ಕೊಟ್ಟುಹೋದದ್ದು. ಬೆಳಂಬಾರದಲ್ಲಿ ಅವನ ತಾಯಿ ಬೇರೆ ಹುಡುಗಿಯನ್ನು ನೋಡಿಟ್ಟಿದ್ದಳು. "ಇವತ್ತು ನೀನು ಹೂಂ ಅಂದ್ರೆ ಆಯಿಗೆ ಬೇಡ ಅಂತ ಹೇಳ್ತೆ. ಸಂಜೆ ಹಡಗು ಹೊರಡ್ತದೆ, ಆಮೇಲೆ ನೆಟ್ ಸಿಗೂದಿಲ್ಲ" ಎಂದು ಬರೆದಿದ್ದ. ಅಮಿತಾ 'ಹೂಂ' ಒತ್ತುವಷ್ಟರಲ್ಲಿ ಸಿಗ್ನಲ್ ಹೋಗಿತ್ತು.

ಅವಳು ಫೋನ್ ಆರಿಸಿ ಹಚ್ಚಿದಳು. ಬ್ಯಾಟರಿ ಕಿತ್ತು ಹಾಕಿದಳು. ಅಪ್ಪನ ಕೋಣೆಯ ಬಾಗಿಲಿಗೆ ಓಡಿದಳು. ಮಿಂಚಿಗೆ, ಉಪ್ಪುಗಾಳಿಗೆ ಹಾಳಾಗದಿರಲಿ ಎಂದು ಅಪ್ಪ ಮೋಡೆಮನ್ನು ಒಳಗಿಟ್ಟು ಬೀಗ ಹಾಕುತ್ತಿದ್ದ. ನೆಟ್ ಚೆನ್ನಾಗಿರುವಾಗಲೂ ಅಲ್ಲಿ ಸಿಗುವುದು ಒಂದೇ ಗೀಟು. ಈಗ ಅದೂ ಇರಲಿಲ್ಲ.

ಜಗಲಿಯಲ್ಲಿ ಬಲೆ ಹೊಲಿಯುತ್ತಿದ್ದ ತುಳಸಿದಾಸ ತಲೆಯೆತ್ತಲಿಲ್ಲ. "ನಾ ಹೇಳ್ದೆ ಅಲ್ದಾ? ನಲ್ಲಿಗೆ ಮೋಟರ್ ಹಚ್ಚಿ ನೀರು ಎಳ್ದಾಂಗೆ ನಮ್ಮ ನೆಟ್ಟೂ ಎಳೀತದೆ ಆ ಹೆಂಗ್ಸು. ಅದ್ಕೇ ಅವಳ ಗೋಡೆ ಹತ್ರ ಜೋರು."

"ಮಂಗೇಶ ಕಾಯ್ತಿದ್ದಾನೆ ಅಪ್ಪಾ."

"ಮನಸ್ಸಿದ್ದವ ಕಾಯ್ತಾನೆ ಬಿಡು ಮಗಾ," ಎಂದ ತುಳಸಿದಾಸ ಮೆತ್ತಗೆ.

ಅಮಿತಾ ಬಿಡಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ದೊಡ್ಡಮ್ಮನ ಹೊಸ್ತಿಲು ದಾಟಿದಳು. ಗಂಗೂ ಮೋಡೆಮ್ಮಿನ ಮುಂದೆಯೇ ನಿಂತಿದ್ದಳು. ಕಿತ್ತ ವಯರು ಕೈಯಲ್ಲೇ ಇತ್ತು.

"ಸಿಕ್ಕಿಬಿದ್ರಿ! ನನ್ನ ಬಾಳು ಹಾಳು ಮಾಡಿ ನಿಮಗೆ ಎಂತ ಸಿಗ್ತದೆ ದೊಡ್ಡಮ್ಮ?"

"ಗುಡುಗಿದ್ರೆ ವಯರು ತೆಗೀತೆ. ಇಲ್ದಿದ್ರೆ ಡಬ್ಬಿ ಸುಡ್ತದೆ. ಊರೆಲ್ಲ ತೆಗೀತದೆ."

"ನಿಮ್ಮದು ಏನಾದ್ರೂ ಮಾಡ್ಕಳಿ. ನಮ್ಮ ನೆಟ್ ಯಾಕೆ ಹೋಗ್ತದೆ?"

ಗಂಗೂ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆ ನೋಟದಲ್ಲಿ ಒಂದಿಷ್ಟೂ ಪ್ರೀತಿ ಇರಲಿಲ್ಲ. ಹೊರಗೆ ಮತ್ತೆ ಮಿಂಚಿತು. ಗಂಗೂ ವಯರನ್ನು ಮೋಡೆಮ್ಮಿಗೆ ಚುಚ್ಚಿದಳು.

ಹಸಿರು ದೀಪಗಳು ಹತ್ತಿದವು. ತುಸು ಹೊತ್ತಿಗೆ ಅಮಿತಾಳ ಕೈಯಲ್ಲಿದ್ದ ಫೋನು ಟಿಣ್ ಎಂದಿತು. ಗೀಟುಗಳು ತುಂಬಿದ್ದವು. ಮಂಗೇಶ ಇನ್ನೂ ಆನ್‌ಲೈನಲ್ಲೇ ಇದ್ದ. ಅಮಿತಾ ಒಮ್ಮೆ ಫೋನನ್ನು, ಒಮ್ಮೆ ಮೋಡೆಮನ್ನು ನೋಡಿದಳು.

"ಬೇಗ ಒತ್ತು," ಎಂದು ಗಂಗೂ ಗದರಿದಳು. "ನಿನ್ನ ಮೇಲಿನ ಅಕ್ಕರೆಗಲ್ಲ ನಾ ಇದನ್ನ ಪಾಸ್‌ವರ್ಡ್ ಹಾಕ್ದೆ ನಿನಗೆ ಬಿಟ್ಟದ್ದು. ಈ ಮದುವೆ ಮುರೀಲಿ ಅಂತ ಯಾವತ್ತೋ ನಿಮ್ಮ ಡಬ್ಬಿ ಲೈನ್‌ಮನ್ನಿಗೆ ವಾಪಸ್ ಕೊಟ್ಟು, ಖಾಲಿ ಕೋಣೆಗೆ ಬೀಗ ಹಾಕಿ ಕೂತಿದಾನಲ್ಲ ನಿನ್ನ ಅಪ್ಪ, ಅವ ಸೋಲ್ಬೇಕು!"